ಅಹಿಂಸೆ ಬಸದಿಯ ಹೊಸ್ತಿಲಿಗೇ ಮುಗಿಯುವುದೇ?

ನಮ್ಮ ಅನೇಕ ಬಸದಿಗಳ ಬಾಗಿಲಲ್ಲಿ ಚರ್ಮದ ವಸ್ತುಗಳನ್ನು ಒಳಗೆ ತರಬಾರದೆಂಬ ಫಲಕವಿರುತ್ತದೆ. ಶ್ರಾವಕರು ಅದನ್ನು ಓದಿ, ಸೊಂಟದ ಬೆಲ್ಟನ್ನೂ ಜೇಬಿನ ಪರ್ಸನ್ನೂ ಹೊರಗಿಟ್ಟು, ಜಿನಬಿಂಬದ ದರ್ಶನ ಮಾಡಿ, ಹಿಂದಿರುಗುವಾಗ ಅವನ್ನೇ ಧರಿಸಿ ಮನೆಗೆ ತೆರಳುತ್ತಾರೆ. ಫಲಕದ ಆಜ್ಞೆ ಪಾಲನೆಯಾಯಿತು. ಅದರ ಹಿಂದಿನ ತತ್ತ್ವ ಪಾಲನೆಯಾಯಿತೇ? ಜಿನಾಲಯಕ್ಕೆ ಸಲ್ಲದ ವಸ್ತು ಜಿನೋಪಾಸಕನ ಮೈಗೆ ಸಲ್ಲುವುದು ಹೇಗೆ? ಅಹಿಂಸೆಯು ಒಂದು ಕಟ್ಟಡದ ನಿಯಮವಲ್ಲ, ಒಂದು ಜೀವನದ ನಿಯಮ. ಈ ಸರಳ ಮಾತನ್ನು ನಾವು ಮರೆತಿದ್ದೇವೆಂದೇ ಇಂದು ಬರೆಯಬೇಕಾಗಿದೆ.

ಚರ್ಮದ ಪರವಾಗಿ ನಮ್ಮವರೇ ಮಂಡಿಸುವ ವಾದಗಳು ಮೂರು. ಮೊದಲನೆಯದು: ಪ್ರಾಣಿಯನ್ನು ಕೊಲ್ಲುವುದು ಮಾಂಸಕ್ಕಾಗಿ, ಚರ್ಮವು ಕೇವಲ ಉಳಿಕೆ, ನಾವು ಕೊಳ್ಳದಿದ್ದರೂ ಆ ಪ್ರಾಣಿ ಬದುಕದು ಎಂಬುದು. ವ್ಯಾಪಾರಸ್ಥ ಸಮಾಜವಾದ ನಮಗೆ ಈ ವಾದದ ಪೊಳ್ಳುತನವನ್ನು ಬೇರೆಯವರು ವಿವರಿಸಬೇಕಾಗಿಲ್ಲ. ಬೆಲೆ ಇರುವ ವಸ್ತು ಉಳಿಕೆಯಲ್ಲ, ಸರಕು. ಚರ್ಮಕ್ಕೆ ದೊರೆಯುವ ಹಣವು ಕಸಾಯಿಖಾನೆಯ ಆದಾಯದ ಒಂದು ಭಾಗ. ಆ ಭಾಗವನ್ನು ಕೊಡುವವನು ಆ ವ್ಯವಹಾರದ ಪಾಲುಗಾರ. ತತ್ತ್ವಾರ್ಥಸೂತ್ರವು ಪಾಪಕ್ರಿಯೆಯನ್ನು ಎಣಿಸುವಾಗ ತಾನೇ ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂಬ ಮೂರನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನೋವಾಕ್ಕಾಯಗಳ ಮೂರರಿಂದಲೂ, ಕೃತ-ಕಾರಿತ-ಅನುಮತಗಳ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದಾಗ ದೊರೆಯುವ 108 ಎಂಬ ಸಂಖ್ಯೆಯನ್ನೇ ಜಪಮಾಲೆಯ ಮಣಿಗಳಿಗೆ ಹೊಂದಿಸಿ ಹೇಳುವ ವಾಡಿಕೆ ನಮ್ಮಲ್ಲಿದೆ. ಬೆರಳು ಆ ಮಣಿಗಳನ್ನು ಎಣಿಸುತ್ತಿರುವಾಗ ಜೇಬಿನಲ್ಲಿ ಚರ್ಮವಿದ್ದರೆ ಆ ಎಣಿಕೆಗೆ ಅರ್ಥವೇನು? 13ನೆಯ ಶತಮಾನದ ಪಂಡಿತ ಆಶಾಧರನು 'ಸಾಗಾರಧರ್ಮಾಮೃತ'ದಲ್ಲಿ, ಚರ್ಮದ ಪಾತ್ರೆಯಲ್ಲಿಟ್ಟ ನೀರು ಎಣ್ಣೆಗಳ ಸೇವನೆಯನ್ನೂ ಮಾಂಸತ್ಯಾಗ ವ್ರತಕ್ಕೆ ದೋಷವೆಂದು ಗಣಿಸಿದ್ದಾನೆ. ಚರ್ಮವನ್ನು ಮಾಂಸದಿಂದ ಬೇರ್ಪಡಿಸಿ ನೋಡುವ ಜಾಣತನ ನಮ್ಮ ಪೂರ್ವಾಚಾರದಲ್ಲಿ ಇರಲಿಲ್ಲ.

ಎರಡನೆಯ ವಾದ ಗಂಭೀರವಾದದ್ದು. ತಾನಾಗಿ ಸತ್ತ ಪ್ರಾಣಿಯ ಚರ್ಮದಲ್ಲಿ ಹಿಂಸೆ ಎಲ್ಲಿದೆ? ಮಹಾತ್ಮ ಗಾಂಧಿಯವರು ಇಂತಹ ಚರ್ಮದ ಬಳಕೆಯನ್ನೇ ಪ್ರತಿಪಾದಿಸಿದರು. ವಾರ್ಧಾ ಬಳಿಯ ನಾಲವಾಡಿಯಲ್ಲಿ 1930ರ ದಶಕದಲ್ಲಿ ಅದಕ್ಕಾಗಿಯೇ ಚರ್ಮಾಲಯ ನಡೆಯಿತು. ಮುನಿಗಳ ಪಿಂಛಿಯೂ ನವಿಲಿನ ಗರಿಯದಲ್ಲವೇ ಎಂದು ಕೇಳುವವರೂ ಉಂಟು. ಈ ಹೋಲಿಕೆಯೇ ವಾದವನ್ನು ಮುರಿಯುತ್ತದೆ. ನವಿಲು ವರ್ಷಕ್ಕೊಮ್ಮೆ ಗರಿ ಉದುರಿಸಿ, ಉದುರಿಸಿದ ಮೇಲೆಯೂ ಕಾಡಿನಲ್ಲಿ ಮೇಯುತ್ತಿರುತ್ತದೆ. ಚರ್ಮವನ್ನು ಕಳಚಿಟ್ಟು ನಡೆದುಹೋದ ಹಸುವನ್ನಾಗಲಿ ಮೇಕೆಯನ್ನಾಗಲಿ ಕಂಡವರಿಲ್ಲ. ಗಾಂಧೀಜಿಯವರ ಚರ್ಮಾಲಯದಲ್ಲಿ ಚರ್ಮದ ಮೂಲ ತಿಳಿದಿತ್ತು. ಇಂದಿನ ಅಂಗಡಿಯಲ್ಲಿ ಹೊಳೆಯುವ ಪರ್ಸಿನ ಮೂಲವನ್ನು ಅಂಗಡಿಯವನೇ ಅರಿಯನು. ಹದವಾಗಿ ಬಣ್ಣ ಹೊದ್ದ ಮೇಲೆ, ಸತ್ತದ್ದರ ಚರ್ಮ ಯಾವುದು, ಕೊಂದದ್ದರ ಚರ್ಮ ಯಾವುದು ಎಂದು ಕಣ್ಣು ಹೇಳಲಾರದು. ಸಂದೇಹವಿರುವಲ್ಲಿ ಶ್ರಾವಕನು ತ್ಯಾಗದ ಪಕ್ಷವನ್ನು ಹಿಡಿಯಬೇಕೇ ಹೊರತು ಭೋಗದ ಪಕ್ಷವನ್ನಲ್ಲ.

ಮೂರನೆಯ ವಾದ ಹೊಸ ಕಾಲದ್ದು. ಚರ್ಮ ನಿಸರ್ಗದ್ದು, ನೈಲಾನ್ ರಾಸಾಯನಿಕದ್ದು; ಆದುದರಿಂದ ಚರ್ಮವೇ ಮೇಲು ಎನ್ನುತ್ತಾರೆ. ಆದರೆ ಜಗತ್ತಿನ ಚರ್ಮದ ಬಹುಪಾಲು ಹದವಾಗುವುದು ಕ್ರೋಮಿಯಂ ಲವಣಗಳಿಂದ. ತಮಿಳುನಾಡಿನ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಹದಗಾರಿಕೆಯ ಕೊಳಚೆ ಪಾಲಾರ್ ನದಿಯನ್ನೂ ಸುತ್ತಲಿನ ಬಾವಿ ಹೊಲಗಳನ್ನೂ ಕೆಡಿಸಿದ ಕಥೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1996ರ ಆಗಸ್ಟ್‌ನಲ್ಲಿ ನ್ಯಾಯಾಲಯವು ಅಲ್ಲಿನ ಹದಗಾರಿಕೆಗಳಿಗೆ ತಲಾ 10,000 ರೂಪಾಯಿ ದಂಡ ವಿಧಿಸಿ, ಮಾಲಿನ್ಯ ಮಾಡಿದವನೇ ಅದರ ವೆಚ್ಚ ಭರಿಸಬೇಕೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಪಾಲಾರ್ ಹುಟ್ಟುವುದು ನಮ್ಮ ನಂದಿಬೆಟ್ಟದ ಸೀಮೆಯಲ್ಲಿ. ನಾವು ಕಳುಹಿಸಿದ ನೀರು ಕೆಳಗೆ ಏನಾಯಿತೆಂದು ತಿಳಿದ ಮೇಲೂ ಚರ್ಮವನ್ನು 'ನೈಸರ್ಗಿಕ' ಎನ್ನಬಹುದೇ?

ಹಾಗೆಂದು ನೈಲಾನ್ ಕೈಚೀಲ ಹಿಡಿದವರು ಪುಣ್ಯವಂತರೆಂದು ಬೀಗಬೇಕಾಗಿಲ್ಲ. 1935ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ವ್ಯಾಲೇಸ್ ಕರೋಥರ್ಸ್ ತಂಡ ರೂಪಿಸಿದ ಈ ನೂಲು, ಕಾಲುಚೀಲಗಳಲ್ಲಿ ರೇಷ್ಮೆಯ ಸ್ಥಾನವನ್ನು ಹಿಡಿಯಿತು. ಅಷ್ಟರಮಟ್ಟಿಗೆ ರೇಷ್ಮೆಹುಳುವಿನ ಪ್ರಾಣ ಉಳಿಯಿತು. ಆದರೆ ಅದು ಪೆಟ್ರೋಲಿಯಂ ಮೂಲದ ವಸ್ತು. ನೈಲಾನ್‌ಗೆ ಬೇಕಾದ ಅಡಿಪಿಕ್ ಆಮ್ಲದ ತಯಾರಿಕೆಯಲ್ಲಿ ಹೊರಡುವ ನೈಟ್ರಸ್ ಆಕ್ಸೈಡ್, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಭೂಮಿಯನ್ನು ಬಿಸಿಮಾಡಬಲ್ಲದು. ಎಸೆದ ನೈಲಾನ್ ಮಣ್ಣಿನಲ್ಲಿ ಕರಗದು. ಕಡಲಿನಲ್ಲಿ ಕಳೆದುಹೋದ ನೈಲಾನ್ ಬಲೆಗಳು ಹಿಡಿಯುವವನಿಲ್ಲದೆಯೂ ಮೀನು ಆಮೆಗಳನ್ನು ಕೊಲ್ಲುತ್ತಲೇ ಇರುತ್ತವೆ. ಚರ್ಮದ ಹಿಂಸೆ ವಸ್ತು ಕೈಗೆ ಬರುವ ಮೊದಲೇ ಮುಗಿದಿರುತ್ತದೆ. ನೈಲಾನ್‌ನ ಹಿಂಸೆ ನಾವು ಅದನ್ನು ಎಸೆದಾಗ ಮೊದಲಾಗುತ್ತದೆ. ಒಂದನ್ನು ತಡೆಯುವ ಅಧಿಕಾರ ನಮಗೆ ಕೊಳ್ಳುವ ಗಳಿಗೆಯಲ್ಲಿ ಮಾತ್ರ ಉಂಟು. ಇನ್ನೊಂದನ್ನು ತಡೆಯುವ ಅಧಿಕಾರ ಬಳಸುವಷ್ಟು ಕಾಲವೂ ಉಂಟು. ನೈಲಾನ್ ಪರವಾಗಿ ಹೇಳಬಹುದಾದ ಮಾತು ಇದೇ, ಆದರೆ ಇದು ಸಣ್ಣ ಮಾತಲ್ಲ. ಅದನ್ನು ಹತ್ತು ವರ್ಷ ಹೊಲಿದು ತೇಪೆ ಹಾಕಿ ಬಳಸಿದವನು ವ್ರತಿ. ವರ್ಷಕ್ಕೆ ನಾಲ್ಕು ಕೊಂಡು ಎಸೆದವನು ಅನರ್ಥದಂಡದ ಭಾಗಿ. ಹತ್ತಿಯ ಚೀಲವೂ ಕೀಟನಾಶಕದ ಹೊಲದಿಂದಲೇ ಬರುತ್ತದೆ. ಹಿಂಸೆಯಿಲ್ಲದ ಚೀಲವಿಲ್ಲ, ಮಿತಿಯಿರುವ ಶ್ರಾವಕನಿರಬಹುದು. ಭೋಗೋಪಭೋಗ ಪರಿಮಾಣವೆಂದು ಹಿರಿಯರು ಹೆಸರಿಟ್ಟದ್ದು ಇದಕ್ಕೇ.

ಇನ್ನೊಂದು ಎಚ್ಚರಿಕೆ ಅಗತ್ಯ. ಚರ್ಮವನ್ನು ಬಿಡುವುದೆಂದರೆ ಚರ್ಮದ ಕೆಲಸ ಮಾಡುವವನನ್ನು ದೂರವಿಡುವುದಲ್ಲ. ತಲೆತಲಾಂತರದಿಂದ ಸತ್ತ ದನವನ್ನು ಹೊರುವ ಕೆಲಸವನ್ನು ಆ ಜನರ ಮೇಲೆ ಹೊರಿಸಿ, ಅವರನ್ನೇ ಅಶುದ್ಧರೆಂದ ಸಮಾಜ, ಅವರ ಕೈಯ ಕೆಲಸವನ್ನು ಮಾತ್ರ ಹೊಳಪು ಮಾಡಿ ಜೇಬಿಗಿಳಿಸಿತು. ಮನುಷ್ಯನ ತಿರಸ್ಕಾರವೂ ಹಿಂಸೆಯೇ. ಚರ್ಮದ ಹಳೆಯ ಚೀಲವನ್ನು ಮನೆಗೆಲಸದವರಿಗೆ ಕೊಟ್ಟು ಅದನ್ನು ದಾನವೆನ್ನುವುದು ಇದೇ ತಿರಸ್ಕಾರದ ಮತ್ತೊಂದು ರೂಪ. ತನಗೆ ಪಾಪವೆನಿಸಿದ್ದು ಇನ್ನೊಬ್ಬರಿಗೆ ಪುಣ್ಯವಾಗಲಾರದು.

ಆದುದರಿಂದ ಬಸದಿಗಳ ಆಡಳಿತ ಮಂಡಳಿಗಳಲ್ಲಿ ನಮ್ಮ ವಿನಂತಿ ಇಷ್ಟು. ಫಲಕದ ಒಕ್ಕಣೆಯನ್ನು ತಿದ್ದಿರಿ. 'ಹೊರಗಿಡಿ' ಎಂಬಲ್ಲಿ 'ತ್ಯಜಿಸಿರಿ' ಎಂದು ಬರೆಯಿಸಿರಿ. ಪಂಚಕಲ್ಯಾಣ, ರಥೋತ್ಸವಗಳಲ್ಲಿ ದಾನಿಗಳ ಹೆಸರು ಮುದ್ರಿಸಿ ಹಂಚುವ ಚೀಲಗಳನ್ನು ನಿಲ್ಲಿಸಿರಿ. ಬಟ್ಟೆಯಂತೆ ಕಾಣುವ ಅವುಗಳಲ್ಲಿ ಬಹಳಷ್ಟು ಪ್ಲಾಸ್ಟಿಕ್ಕೇ ಆಗಿವೆ. ಗೌರವಾರ್ಪಣೆಯ ತಟ್ಟೆಯಲ್ಲಿ ಚರ್ಮದ ಕಡತವಾಗಲಿ ಪರ್ಸಾಗಲಿ ಇರದಂತೆ ನೋಡಿಕೊಳ್ಳಿರಿ. ಕುಟುಂಬಗಳಿಗೆ ಹೇಳುವುದೂ ಸರಳವೇ: ಮನೆಯಲ್ಲಿರುವ ಚೀಲ ಹರಿಯುವವರೆಗೆ ಹೊಸದು ಬೇಡ, ಹೊಸದು ಬೇಕಾದಾಗ ಬಟ್ಟೆಯದು, ಮಳೆಗೂ ಭಾರಕ್ಕೂ ಬಟ್ಟೆ ತಡೆಯದಲ್ಲಿ ನೈಲಾನಿನದು ಒಂದೇ ಒಂದು, ಚರ್ಮದ್ದು ಎಂದಿಗೂ ಬೇಡ. ಮಕ್ಕಳು ಶಾಲೆಯ ಚೀಲ ಕೊಳ್ಳುವ ದಿನವೇ ಅವರಿಗೆ ಅಣುವ್ರತದ ಮೊದಲ ಪಾಠವಾಗಲಿ. ಆಗ ಬಸದಿಯ ಬಾಗಿಲಲ್ಲಿ ಯಾರೂ ಏನನ್ನೂ ಕಳಚಿಡಬೇಕಾಗದು.