ಹುಡುಕುವುದನ್ನು ಕಲಿಸುವವರು ಯಾರು?

ಯಲಹಂಕ, ಹೆಬ್ಬಾಳದ ಸುತ್ತಮುತ್ತ ಎಂಜಿನಿಯರಿಂಗ್ ಓದುವ ನಮಗೆ ತಂತ್ರಜ್ಞಾನದ ಕೊರತೆಯಿಲ್ಲ. ಪಾಠ ಪಿಪಿಟಿಯಲ್ಲಿ, ನೋಟ್ಸ್ ವಾಟ್ಸ್‌ಆ್ಯಪ್‌ನಲ್ಲಿ, ಅಸೈನ್‌ಮೆಂಟ್ ಗೂಗಲ್ ಕ್ಲಾಸ್‌ರೂಮ್‌ನಲ್ಲಿ. ಆದರೆ ಒಂದು ವಿಷಯದ ಬಗ್ಗೆ ನಂಬಲರ್ಹ ಪ್ರಬಂಧವನ್ನು ಹುಡುಕುವುದು ಹೇಗೆ ಎಂದು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಟೈಮ್‌ಟೇಬಲ್‌ನಲ್ಲಿ 'ಲೈಬ್ರರಿ ಅವರ್' ಇರುತ್ತದೆ. ಇಂಟರ್ನಲ್ಸ್ ಹತ್ತಿರ ಬಂದರೆ ಪೋರ್ಷನ್ ಮುಗಿಸಲು ಮೊದಲು ಬಲಿಯಾಗುವುದೂ ಅದೇ.

ಈ ಬಗ್ಗೆ ನಾನು ಕೆಲವು ಅಧ್ಯಾಪಕರನ್ನು ಕೇಳಿದೆ. 'ಅದು ಲೈಬ್ರರಿಯನ್ ಕೆಲಸ' ಎಂದರು ಒಬ್ಬರು. 'ದಿನವಿಡೀ ಮೊಬೈಲ್ ಹಿಡಿದಿರುವ ನಿಮಗೆ ಹುಡುಕುವುದನ್ನೂ ಕಲಿಸಬೇಕೇ' ಎಂದು ನಕ್ಕರು ಇನ್ನೊಬ್ಬರು. ಮೂರನೆಯವರು, 'ನಮಗೂ ಯಾರೂ ಕಲಿಸಲಿಲ್ಲ, ಪಿಎಚ್‌ಡಿ ಮಾಡುವಾಗ ಒದ್ದಾಡಿ ಕಲಿತೆವು' ಎಂದರು. ಗ್ರಂಥಾಲಯದ ಸಿಬ್ಬಂದಿಯ ಮಾತೇ ಬೇರೆ: 'ಓರಿಯೆಂಟೇಷನ್ ದಿನ ಹತ್ತು ನಿಮಿಷ ಕೊಡುತ್ತಾರೆ. ಆಮೇಲೆ ತರಗತಿಗೆ ಯಾರೂ ಕರೆಯುವುದಿಲ್ಲ.' ಹೀಗೆ ಎಲ್ಲರೂ ಅಗತ್ಯ ಎಂದು ಒಪ್ಪುವ ಕೆಲಸಕ್ಕೆ ವಾರಸುದಾರರೇ ಇಲ್ಲ.

ಸಂಪನ್ಮೂಲಗಳೇನೂ ಕಡಿಮೆಯಿಲ್ಲ. ವಿಟಿಯು ತನ್ನ ಕನ್ಸಾರ್ಷಿಯಂ ಮೂಲಕ ಸಂಯೋಜಿತ ಕಾಲೇಜುಗಳಿಗೆ ಇ–ಜರ್ನಲ್, ಇ–ಪುಸ್ತಕಗಳನ್ನು ಒದಗಿಸುತ್ತದೆ. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ 'ಒಂದು ರಾಷ್ಟ್ರ ಒಂದು ಚಂದಾದಾರಿಕೆ' ಯೋಜನೆಗೆ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಮಂಜೂರು ಮಾಡಿತು. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಇದರಲ್ಲಿವೆ. ಆದರೆ ಮೊದಲ ಹಂತ ಸರ್ಕಾರಿ ಸಂಸ್ಥೆಗಳಿಗೆ ಸೀಮಿತ. ಖಾಸಗಿ ಕಾಲೇಜಿನ ನಾವು ನಮಗಿರುವ ಲಾಗಿನ್ ಅನ್ನೇ ಚೆನ್ನಾಗಿ ಬಳಸಿಕೊಳ್ಳಬೇಕು. ಲಾಗಿನ್ ಇದೆ ಎಂಬುದೇ ಗೊತ್ತಿಲ್ಲದವನಿಗೆ ಕೋಟಿ ಖರ್ಚಾದರೂ ಒಂದೇ, ಬಿಟ್ಟರೂ ಒಂದೇ.

ಈಗ ಎಐ ಚಾಟ್‌ಬಾಟ್‌ಗಳು ಬಂದ ಮೇಲೆ ಸಮಸ್ಯೆ ಇನ್ನಷ್ಟು ಗಂಭೀರವಾಗಿದೆ. ಇಲ್ಲದ ಪ್ರಬಂಧಕ್ಕೂ ಅವು ಲೇಖಕರ ಹೆಸರು, ವರ್ಷ, ಪುಟಸಂಖ್ಯೆ ಸೃಷ್ಟಿಸಿಕೊಡಬಲ್ಲವು. ಮೂಲವನ್ನು ತೆರೆದು ನೋಡುವ ಅಭ್ಯಾಸವಿಲ್ಲದಿದ್ದರೆ ಅದು ಹಾಗೇ ಪ್ರಾಜೆಕ್ಟ್ ವರದಿಗೆ ಇಳಿಯುತ್ತದೆ. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಾವಳಿ ಶೇ 10ಕ್ಕಿಂತ ಹೆಚ್ಚಿನ ಸಾಮ್ಯತೆಗೆ ಹಂತಹಂತದ ದಂಡನೆ ಹೇಳುವುದರ ಜೊತೆಗೆ, ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಪ್ರತಿ ಸೆಮಿಸ್ಟರ್ ಅರಿವು ಕಾರ್ಯಕ್ರಮ ನಡೆಸಬೇಕೆಂದೂ ಹೇಳುತ್ತದೆ. ದಂಡನೆಯ ಭಾಗ ಎಲ್ಲರಿಗೂ ಗೊತ್ತು. ಕಲಿಸುವ ಭಾಗ ಮರೆತುಹೋಗಿದೆ.

ದಾರಿ ತೋರುವ ಉದಾಹರಣೆ ದೂರದಲ್ಲೇನಿಲ್ಲ. ಹೆಬ್ಬಾಳ ಬಳಿಯ ಜಿಕೆವಿಕೆಯಂಥ ಕೃಷಿ ವಿಶ್ವವಿದ್ಯಾಲಯಗಳಿಗಾಗಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ರೂಪಿಸಿದ ಸ್ನಾತಕೋತ್ತರ ಪಠ್ಯಕ್ರಮದಲ್ಲಿ 'ಗ್ರಂಥಾಲಯ ಮತ್ತು ಮಾಹಿತಿ ಸೇವೆಗಳು' ಎಂಬ ಒಂದು ಕ್ರೆಡಿಟ್‌ನ ಕೋರ್ಸ್ ಇದೆ. ಅದರಲ್ಲಿ ಥಿಯರಿ ಇಲ್ಲ, ಪೂರ್ತಿ ಪ್ರಾಯೋಗಿಕ. ಕ್ಯಾಟಲಾಗ್ ಬಳಸುವುದು, ಹುಡುಕಾಟಕ್ಕೆ ಯೋಜನೆ ಹಾಕುವುದು, ಸಾಹಿತ್ಯ ಸಮೀಕ್ಷೆ ಮಾಡುವುದು ಎಲ್ಲವೂ ಅಲ್ಲಿ ಪಾಠ.

ಬಿಇಗೆ ಇನ್ನೊಂದು ವಿಷಯ ಸೇರಿಸಿ ಎಂದು ನಾನು ಕೇಳುತ್ತಿಲ್ಲ. ವಿಟಿಯು 2022ರ ಸ್ಕೀಮ್‌ನಲ್ಲಿ ಐದನೇ ಸೆಮಿಸ್ಟರ್‌ಗೆ 'ರಿಸರ್ಚ್ ಮೆಥಡಾಲಜಿ ಮತ್ತು ಐಪಿಆರ್' ಈಗಾಗಲೇ ಇದೆ. ಸಾಹಿತ್ಯ ಸಮೀಕ್ಷೆಯ ಹಂತಗಳನ್ನು ಬಾಯಿಪಾಠ ಮಾಡಿಸುವ ಬದಲು, ಅದರ ನಾಲ್ಕು ಗಂಟೆಗಳನ್ನು ಕಂಪ್ಯೂಟರ್ ಲ್ಯಾಬ್‌ಗೆ ಒಯ್ಯಲಿ. ಪ್ರಾಜೆಕ್ಟ್ ಗೈಡ್ ಮತ್ತು ಗ್ರಂಥಪಾಲಕರು ಇಬ್ಬರೂ ಅಲ್ಲಿರಲಿ. ಪ್ರತಿ ತಂಡ ತನ್ನ ವಿಷಯದ ಐದು ಪ್ರಬಂಧ ಹುಡುಕಿ, ಅವನ್ನು ಏಕೆ ನಂಬಬೇಕು ಎಂದು ವಿವರಿಸಲಿ. ಅದಕ್ಕೆ ಆಂತರಿಕ ಅಂಕ ಕೊಡಲಿ. ಅಂಕವಿಲ್ಲದ ಪಾಠಕ್ಕೆ ನಾವು ಬರುವುದಿಲ್ಲ ಎಂಬುದೂ ನಿಜ ತಾನೇ?

ಕೆಲಸಕ್ಕೆ ಸೇರಿದ ಮೇಲೆ ಪಿಪಿಟಿ ಕಳಿಸುವವರು ಯಾರೂ ಇರುವುದಿಲ್ಲ. ಡೇಟಾಶೀಟ್, ಮಾನದಂಡದ ದಾಖಲೆ, ಪೇಟೆಂಟ್ ಎಲ್ಲವನ್ನೂ ನಾವೇ ಹುಡುಕಿ ಓದಬೇಕು. ಆ ತಾಲೀಮಿಗೆ ವಾರಕ್ಕೊಂದು ಗಂಟೆ ಟೈಮ್‌ಟೇಬಲ್‌ನಲ್ಲಿ ಮೊದಲೇ ಬರೆದಿದೆ. ಅದನ್ನು ನಮಗೆ ಬಿಟ್ಟುಕೊಟ್ಟರೆ ಸಾಕು.