ಎಂಟೂವರೆ ವರ್ಷದ ತಪ್ಪು ಯಾರದು?

ಊರು ಬಿಟ್ಟು ಹೋದವರು ಒಂದು ದಿನ ಮರಳಿ ಬರುತ್ತಾರೆ. ಹಳೆಯ ಪ್ರೀತಿ ಪೇಟೆ ಬೀದಿಯಲ್ಲೋ ಮದುವೆ ಮನೆಯಲ್ಲೋ ಎದುರಾಗುತ್ತದೆ. ಮೊದಲು ಸಿಟ್ಟು, ಆಮೇಲೆ ಮುಜುಗರ, ಕೊನೆಗೆ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಒಂದು ಹಳೆಯ ಕಾಗದ ಸಿಕ್ಕಿ ಎಲ್ಲವೂ ತಿಳಿಯಾಗುತ್ತದೆ: ಅವನು ಬರೆದಿದ್ದ, ಅದು ಅವಳ ಕೈ ಸೇರಿರಲಿಲ್ಲ, ನಡುವೆ ಯಾರೋ ಮುಚ್ಚಿಟ್ಟಿದ್ದರು. ಸಣ್ಣ ಊರಿನ ಈ 'ಎರಡನೇ ಅವಕಾಶ'ದ ಕಾದಂಬರಿ ಇಂಗ್ಲಿಷಿನಲ್ಲಿ ಈಗ ದೊಡ್ಡ ವ್ಯಾಪಾರ. ಓದಲು ಹಿತವಾಗಿಯೇ ಇರುತ್ತದೆ. ಆದರೆ ಆ ಕಾಗದ ಸಿಕ್ಕ ಗಳಿಗೆಯಲ್ಲಿ ಓದುಗರಿಗೆ ಒಂದು ಸಣ್ಣ ಮೋಸ ಆಗಿಬಿಡುತ್ತದೆ. ತಪ್ಪು ಇಬ್ಬರದೂ ಅಲ್ಲ ಎಂದಾದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಕ್ಷಮಿಸುವುದಾದರೂ ಏನನ್ನು? ಎರಡನೇ ಅವಕಾಶ ಎನ್ನಲು ಮೊದಲನೆಯದನ್ನು ಯಾರಾದರೂ ಕೈಯಾರೆ ಕಳೆದುಕೊಂಡಿರಬೇಕಲ್ಲ.

ಈ ಜಾಡು ಇಂದಿನದಲ್ಲ, ಇಂಗ್ಲಿಷಿನದೂ ಅಲ್ಲ. ಮಹಾಭಾರತದ ದುಷ್ಯಂತ ಶಕುಂತಲೆಯ ಗುರುತಿದ್ದೂ ಇಲ್ಲವೆನ್ನುತ್ತಾನೆ. ಕಾಳಿದಾಸ ಅದಕ್ಕೆ ದೂರ್ವಾಸರ ಶಾಪವನ್ನೂ ಉಂಗುರವನ್ನೂ ತಂದು ಸೇರಿಸಿದ. ರಾಜನ ಮೇಲಿನ ಕಳಂಕ ಹೋಯಿತು, ಉಂಗುರ ಮೀನಿನ ಹೊಟ್ಟೆಗೆ ಹೋಯಿತು. ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದದ್ದು ಈ ಶಕುಂತಲೆಯನ್ನೇ. 1983ರ 'ಕವಿರತ್ನ ಕಾಳಿದಾಸ'ದಲ್ಲಿ ದುಷ್ಯಂತನಾದ ರಾಜ್‌ಕುಮಾರ್ ಮೇಲೆ ಯಾವ ಪ್ರೇಕ್ಷಕನಿಗೂ ನಿಜವಾದ ಕೋಪ ಬರದಿರುವುದೂ ಅದೇ ಶಾಪದ ದಯೆಯಿಂದ. ನಾಟಕಕ್ಕೆ ಅದು ಬೇಕಿತ್ತು ಎನ್ನಬಹುದು. ಆದರೂ ವ್ಯಾಸರ ದುಷ್ಯಂತ, ಮನುಷ್ಯನಾಗಿ ನೋಡಿದರೆ, ಹೆಚ್ಚು ಕಷ್ಟದ ಪ್ರಶ್ನೆ.

ಶಾಪವನ್ನೂ ಕಳೆದುಹೋದ ಕಾಗದವನ್ನೂ ನೆಚ್ಚದೆ ಇಂಥ ಕಥೆ ಕಟ್ಟಿದವಳು ಜೇನ್ ಆಸ್ಟಿನ್. ಅವಳು ಪೂರ್ತಿ ಮಾಡಿದ ಕೊನೆಯ ಕಾದಂಬರಿ 'ಪರ್ಸುಯೇಷನ್' ಹೊರಬಂದದ್ದು 1817ರ ಡಿಸೆಂಬರಿನಲ್ಲಿ. ಅದೇ ಜುಲೈ 18ರಂದು, 41ರ ವಯಸ್ಸಿನಲ್ಲಿ, ಅವಳು ತೀರಿಕೊಂಡಿದ್ದಳು. ಕಥೆ ಇಷ್ಟೆ. 1806ರ ಬೇಸಿಗೆ. ನೌಕಾಪಡೆಯ ಫ್ರೆಡರಿಕ್ ವೆಂಟ್‌ವರ್ತ್‌ಗೆ ಸದ್ಯಕ್ಕೆ ಹಡಗಿಲ್ಲ, ಕೈಯಲ್ಲಿ ಕಾಸಿಲ್ಲ. ಇರುವುದೆಲ್ಲ ತನ್ನ ಮೇಲಿನ ನಂಬಿಕೆ. ಊರಿನ ಜಮೀನ್ದಾರರ ಮಗಳು, ಹತ್ತೊಂಬತ್ತರ ಆ್ಯನ್ ಎಲಿಯಟ್ ಅವನನ್ನು ಒಪ್ಪುತ್ತಾಳೆ. ತಾಯಿಯ ಗೆಳತಿ, ತಾಯಿ ಹೋದ ಮೇಲೆ ತಾಯಿಯ ಜಾಗದಲ್ಲಿ ನಿಂತ ಲೇಡಿ ರಸೆಲ್ ಬೇಡವೆನ್ನುತ್ತಾಳೆ. ಯುದ್ಧದ ಕಾಲ, ನಾವಿಕನ ಬದುಕು, ನೆಚ್ಚಿಕೊಳ್ಳಲು ಏನೂ ಇಲ್ಲ. ಆ್ಯನ್ ಮಾತು ಹಿಂತೆಗೆದುಕೊಳ್ಳುತ್ತಾಳೆ. ತನಗಾಗಿ ಮಾತ್ರವಲ್ಲ, ಹೀಗೆ ಬಿಟ್ಟುಕೊಡುವುದು ಅವನಿಗೂ ಒಳ್ಳೆಯದು ಎಂದು ನಂಬಿಕೊಂಡು. ಅವನು ಅವಮಾನವನ್ನು ನುಂಗಿಕೊಂಡು ಹೊರಟುಹೋಗುತ್ತಾನೆ. ಯಾರೂ ಕಾಗದ ಮುಚ್ಚಿಡಲಿಲ್ಲ. ಯಾರೂ ಸುಳ್ಳು ಹೇಳಲಿಲ್ಲ. ಬೇಡವೆಂದವರು ಬುದ್ಧಿ ಇದ್ದೇ ಬೇಡವೆಂದರು.

ಎಂಟು ವರ್ಷ ಕಳೆದು 1814ರಲ್ಲಿ ನೆಪೋಲಿಯನ್ ಎಲ್ಬಾ ದ್ವೀಪ ಸೇರಿದ ಮೇಲೆ ನಾವಿಕರೆಲ್ಲ ದಡಕ್ಕೆ ಬರುತ್ತಾರೆ. ಶತ್ರು ಹಡಗುಗಳನ್ನು ಹಿಡಿದದ್ದರ ಪಾಲೆಂದು ವೆಂಟ್‌ವರ್ತ್ ಕೈಯಲ್ಲಿ ಈಗ 25,000 ಪೌಂಡ್. ಇತ್ತ ಆ್ಯನ್‌ಳ ತಂದೆ ಸಾಲಕ್ಕೆ ಸಿಕ್ಕಿ ಮನೆ ಬಾಡಿಗೆಗೆ ಕೊಟ್ಟಿದ್ದಾನೆ. ಬಾಡಿಗೆಗೆ ಬಂದವರು ವೆಂಟ್‌ವರ್ತ್‌ನ ಅಕ್ಕ ಭಾವ. ಹೀಗೆ ಇಬ್ಬರೂ ಮತ್ತೆ ಒಂದೇ ಊರಿನ ಸುತ್ತಳತೆಯೊಳಗೆ.

ಈ ಸುತ್ತಳತೆಯ ವಿಷಯದಲ್ಲಿ ಇಂದಿನ ಕಾದಂಬರಿಗಳು ಬಹಳ ಮೆತ್ತಗೆ. ಅವುಗಳಲ್ಲಿ ಸಣ್ಣ ಊರೆಂದರೆ ಗಾಯ ಮಾಯಿಸುವ ಜಾಗ. ಬೇಕರಿಯವಳು ಬನ್ನು ಕೊಡುತ್ತಾಳೆ, ಅಜ್ಜಿ ಬುದ್ಧಿ ಹೇಳುತ್ತಾಳೆ, ಹಿಮ ಬೀಳುತ್ತದೆ. ಪುಣೆಯಿಂದಲೋ ಮುಂಬಯಿಯಿಂದಲೋ ಶಿರಸಿಯ ಮದುವೆಗೆ ಹೋಗಿ, ಬಸ್ಸಿಳಿದು ಮನೆ ಮುಟ್ಟುವುದರೊಳಗೆ ತನ್ನ ಸುದ್ದಿ ತನಗಿಂತ ಮುಂಚೆ ಮುಟ್ಟಿರುವುದನ್ನು ಕಂಡವರಿಗೆ ಆಸ್ಟಿನ್‌ಳ ಊರೇ ಹೆಚ್ಚು ಪರಿಚಿತ ಅನ್ನಿಸೀತು. ಕಾದಂಬರಿ ಬರೆಯುತ್ತಿದ್ದ ಸೋದರನ ಮಗಳಿಗೆ 1814ರಲ್ಲಿ ಬರೆದ ಕಾಗದದಲ್ಲಿ ಅವಳು, ಹಳ್ಳಿಯೊಂದರ ಮೂರು ನಾಲ್ಕು ಮನೆತನ ಸಿಕ್ಕರೆ ಸಾಕು ಎಂದಿದ್ದಳು. ಯಾಕೆ ಸಾಕು ಎಂಬುದು ಈ ಕಾದಂಬರಿಯಲ್ಲಿ ಕಾಣುತ್ತದೆ. ಮೂರು ನಾಲ್ಕು ಮನೆಗಳಿದ್ದಲ್ಲಿ ಯಾರೂ ಯಾರಿಗೂ ನೇರವಾಗಿ ಏನನ್ನೂ ಹೇಳಬೇಕಾಗಿಲ್ಲ, ಎಲ್ಲ ಹೇಗೂ ತಲುಪುತ್ತದೆ.

ವೆಂಟ್‌ವರ್ತ್ ಆ್ಯನ್‌ಳನ್ನು ಮತ್ತೆ ನೋಡಿದ ದಿನ ಏನೆಂದುಕೊಂಡ? ಗುರುತೇ ಸಿಗದಷ್ಟು ಬದಲಾಗಿದ್ದಾಳೆ ಎಂದ. ಹೇಳಿದ್ದು ಹೆನ್ರಿಯೆಟ್ಟಾಗೆ, ಅವಳು ಆ್ಯನ್‌ಳ ತಂಗಿ ಮೇರಿಗೆ ಹೇಳಿದಳು, ಮೇರಿ, ಹಿಂದಿನದೇನೂ ತಿಳಿಯದವಳು, ಅಕ್ಕನಿಗೇ ತಂದು ಒಪ್ಪಿಸಿದಳು. ಕೆಟ್ಟ ಮನಸ್ಸಿನಿಂದಲ್ಲ, ಸುಮ್ಮನೆ, ಮಾತಿಗೆ. ಆಮೇಲೊಂದು ದಿನ ಬೇಲಿಯ ಈಚೆ ಕೂತ ಆ್ಯನ್‌ಗೆ ಆಚೆಯಿಂದ ಅವನ ಮಾತು ಕೇಳುತ್ತದೆ. ಕೈಯಲ್ಲೊಂದು ಕಾಯಿ ಹಿಡಿದು, ಉಳಿದವೆಲ್ಲ ಉದುರಿ ಕಾಲಡಿಗೆ ಸಿಕ್ಕರೂ ಇದು ಗಟ್ಟಿಯಾಗಿ ಉಳಿದಿದೆ ನೋಡು ಎಂದು ಲೂಯಿಸಾ ಎಂಬ ಹುಡುಗಿಯ ಹಟವನ್ನು ಹೊಗಳುತ್ತಿದ್ದಾನೆ. ಒಬ್ಬರ ಮಾತಿಗೆ ಬಾಗುವವಳು ಅವನಿಗೆ ಬೇಡ. ಹೊಗಳಿಕೆ ಲೂಯಿಸಾಗೆ, ಏಟು ಆ್ಯನ್‌ಗೆ.

ಇದನ್ನೆಲ್ಲ ಅವಳು ಯಾರ ಹತ್ತಿರವೂ ಹೇಳಿಕೊಳ್ಳುವಂತಿಲ್ಲ. 2022ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಸಿನಿಮಾ ಎಡವಿದ್ದು ಇಲ್ಲೇ. ಅದರ ಆ್ಯನ್ ಕ್ಯಾಮೆರಾ ಕಡೆ ತಿರುಗಿ ನೋಡುಗರೊಂದಿಗೆ ಹರಟುತ್ತಾಳೆ, ಮನಸ್ಸಿನದನ್ನೆಲ್ಲ ಬಿಚ್ಚಿಡುತ್ತಾಳೆ. ಹೇಳಿಕೊಳ್ಳಲು ಇಷ್ಟು ಜನ ಗೆಳೆಯರಿದ್ದವಳಿಗೆ ಎಂಟು ವರ್ಷ ಅಷ್ಟೇನೂ ದೀರ್ಘವಲ್ಲ. ರಾಜರ್ ಮಿಶೆಲ್ 1995ರಲ್ಲಿ ತೆಗೆದ ಚಿತ್ರದಲ್ಲಿ ಅಮಾಂಡಾ ರೂಟ್ ಮಾತಾಡದೆ ಕೂತಿರುವ ಹೊತ್ತುಗಳೇ ಹೆಚ್ಚು ಸತ್ಯ.

ನವೆಂಬರಿನಲ್ಲಿ ಇವರೆಲ್ಲ ಲೈಮ್ ಎಂಬ ಕಡಲ ತಡಿಯ ಪುಟ್ಟ ಪಟ್ಟಣಕ್ಕೆ ಹೋಗುತ್ತಾರೆ. ಆಸ್ಟಿನ್ ತಾನೇ 1803 ಮತ್ತು 1804ರಲ್ಲಿ ನೋಡಿದ ಊರು. ಅಲ್ಲಿನ ಅಲೆತಡೆ ಗೋಡೆಯ ಮೆಟ್ಟಿಲಿಂದ ಲೂಯಿಸಾ, ಬೇಡವೆಂದರೂ ಕೇಳದೆ, ತಾನು ಹಾರಿಯೇ ತೀರುವೆನೆಂದು ಹಾರಿ ತಲೆಗೆ ಪೆಟ್ಟು ಮಾಡಿಕೊಳ್ಳುತ್ತಾಳೆ. ಗಟ್ಟಿ ಮನಸ್ಸಿಗೂ ಮೊಂಡುತನಕ್ಕೂ ವ್ಯತ್ಯಾಸ ವೆಂಟ್‌ವರ್ತ್‌ಗೆ ತಿಳಿಯುವುದು ಕಲ್ಲಿನ ಮೇಲೆ. ನಾವಿಕರೆಲ್ಲ ಕೈಕಟ್ಟಿ ನಿಂತಾಗ ವೈದ್ಯನನ್ನು ಕರೆಸಲು ಹೇಳುವವಳು, ಊರು ಬಲ್ಲ ಬೆನ್ವಿಕ್‌ನನ್ನೇ ಕಳಿಸಿ ಎನ್ನುವವಳು ಆ್ಯನ್. (ನೋಡಲು ಬಂದ ಬೋಟಿನವರಿಗೆ ಸತ್ತ ಹೆಂಗಸು ಒಬ್ಬಳಲ್ಲ, ಇಬ್ಬರು ಸಿಕ್ಕರು, ಹೆನ್ರಿಯೆಟ್ಟಾ ಮೂರ್ಛೆ ಹೋಗಿದ್ದಳು. ಇಂಥ ಹೊತ್ತಿನಲ್ಲೂ ಆಸ್ಟಿನ್‌ಳ ತುಂಟತನ ಸುಮ್ಮನಿರುವುದಿಲ್ಲ.) ಆದರೆ ಅಷ್ಟರಲ್ಲಿ ಊರು ತೀರ್ಮಾನ ಮಾಡಿಯಾಗಿದೆ. ಅವನು ಲೂಯಿಸಾಳ ಹಿಂದೆ ತಿರುಗಿದ್ದನ್ನು ಎಲ್ಲರೂ ನೋಡಿದ್ದಾರೆ. ಅವನೇ ಅವಳ ಗಂಡನಾಗುವವನು ಎಂದು ಗೆಳೆಯ ಹಾರ್ವಿಲ್‌ನ ಮನೆಯವರೂ ನಂಬಿದ್ದಾರೆ. ಅವಳು ಬಯಸಿದರೆ ಮದುವೆಯಾಗುವುದು ಈಗ ಅವನ ಮರ್ಯಾದೆಯ ಪ್ರಶ್ನೆ. ಊರ ಬಾಯಿ ಮೊದಲ ಅವಕಾಶವನ್ನು ಕೆಡಿಸಿರಲಿಲ್ಲ. ಎರಡನೆಯದನ್ನು ಇನ್ನೇನು ಕೆಡಿಸಿಯೇಬಿಟ್ಟಿತ್ತು.

ಬೆನ್ವಿಕ್ ಲೂಯಿಸಾಳನ್ನು ಒಪ್ಪಿದ್ದರಿಂದ ಅವನು ಪಾರಾದ. ಆದರೆ ಈ ಬೆನ್ವಿಕ್‌ನ ಹಿಂದೆ ಇನ್ನೊಂದು ಕಥೆಯಿದೆ. ಹಾರ್ವಿಲ್‌ನ ತಂಗಿ ಫ್ಯಾನಿಗೂ ಅವನಿಗೂ ನಿಶ್ಚಯವಾಗಿತ್ತು. ದುಡ್ಡು, ಬಡ್ತಿ ಎರಡೂ ಬರಲಿ ಎಂದು ಇಬ್ಬರೂ ಕಾಯುತ್ತಿದ್ದರು. ದುಡ್ಡು ಬಂತು. ಬಡ್ತಿಯೂ ಬಂತು. ಅದು ತಿಳಿಯುವವರೆಗೆ ಫ್ಯಾನಿ ಉಳಿಯಲಿಲ್ಲ. ಅವನು ಸಮುದ್ರದ ಮೇಲಿದ್ದಾಗ ತೀರಿಕೊಂಡಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ್ಯನ್ ಮಾತು ಮುರಿಯದೆ ಕಾದಿದ್ದರೆ ಏನಾಗುತ್ತಿತ್ತು ಎಂದು ಕೇಳುವ ಓದುಗರ ಮುಂದೆ ಆಸ್ಟಿನ್ ಸದ್ದಿಲ್ಲದೆ ಕಾದವರ ಈ ಗೋರಿಯನ್ನು ಇಟ್ಟಿದ್ದಾಳೆ. ಕಾದದ್ದಕ್ಕೆ ಪ್ರತಿಫಲ ಗ್ಯಾರಂಟಿ ಎಂದು ಈ ಪುಸ್ತಕ ಎಲ್ಲೂ ಹೇಳುವುದಿಲ್ಲ.

ಕೊನೆಯಲ್ಲಿ ಇಬ್ಬರೂ ಒಂದಾದ ಮೇಲೆ ಆ್ಯನ್ ಆಡುವ ಮಾತು ಇಂದಿನ ಬಹಳ ಓದುಗರಿಗೆ ಹಿಡಿಸುವುದಿಲ್ಲ. ಲೇಡಿ ರಸೆಲ್ ಕೊಟ್ಟ ಸಲಹೆ ತಪ್ಪೇ ಇದ್ದೀತು, ತಾನಾಗಿದ್ದರೆ ಯಾವ ಹುಡುಗಿಗೂ ಅಂಥ ಸಲಹೆ ಕೊಡುವುದಿಲ್ಲ. ಆದರೂ ತಾಯಿಯ ಜಾಗದಲ್ಲಿದ್ದವಳ ಮಾತು ಕೇಳಿದ್ದು ತಪ್ಪಲ್ಲ, ಕೇಳದಿದ್ದರೆ ತನ್ನ ಮನಸ್ಸೇ ತನ್ನನ್ನು ಚುಚ್ಚುತ್ತಿತ್ತು ಎನ್ನುತ್ತಾಳೆ. ಹಿರಿಯರ ಮಾತಿಗೆ ಬದುಕನ್ನೇ ತೆತ್ತ ಹೆಣ್ಣುಮಕ್ಕಳು ಯಾವ ಮನೆಯಲ್ಲಿಲ್ಲ? ಅವರಿಗೆ ಇದು ಉಪ್ಪು ಸವರಿದಂತೆ ಕೇಳಿಸಬಹುದು. ಆದರೆ ಇದನ್ನು ವಿಧೇಯತೆಯ ಹೊಗಳಿಕೆ ಎಂದು ಓದುವುದು ಸರಿಯಲ್ಲ. ಹತ್ತೊಂಬತ್ತರಲ್ಲಿ ತೆಗೆದುಕೊಂಡ ನಿರ್ಧಾರವನ್ನು ಅವಳು ಬೇರೆಯವರ ತಲೆಗೆ ಕಟ್ಟುತ್ತಿಲ್ಲ. ನನ್ನಿಂದ ಮಾಡಿಸಿದರು ಎನ್ನದೆ, ಮಾಡಿದೆ ಎನ್ನುತ್ತಾಳೆ. ಹಾಗೆಂದ ಮೇಲೇ ವೆಂಟ್‌ವರ್ತ್ ಬಾಯಿಂದಲೂ ನಿಜ ಹೊರಡುವುದು. 1808ರಲ್ಲಿ, ಕೈಯಲ್ಲಿ ಕೆಲವು ಸಾವಿರ ಪೌಂಡೂ ಸ್ವಂತ ಅಧಿಕಾರದ ಹಡಗೂ ಬಂದಾಗ ಬರೆದಿದ್ದರೆ ಒಪ್ಪುತ್ತಿದ್ದೆಯಾ ಎಂದು ಕೇಳುತ್ತಾನೆ. ಒಪ್ಪುತ್ತಿದ್ದಳು. ಬರೆಯಲಿಲ್ಲ, ಬಿಂಕ ಬಿಡಲಿಲ್ಲ. ಎಂಟರಲ್ಲಿ ಆರು ವರ್ಷ ಅವನ ಲೆಕ್ಕಕ್ಕೆ. ತಲುಪದ ಕಾಗದವಲ್ಲ, ಬರೆಯದ ಕಾಗದ.

ಈ ಗಟ್ಟಿತನ ಆಸ್ಟಿನ್‌ಗೂ ಒಂದೇ ಏಟಿಗೆ ಸಿಕ್ಕಿರಲಿಲ್ಲ. ಅವಳು ಮುಗಿಸಿದ ಕಾದಂಬರಿಗಳಲ್ಲಿ ಕೈಬರಹ ಉಳಿದಿರುವುದು ಇದರ ಕೊನೆಯ ಎರಡು ಅಧ್ಯಾಯಗಳ ಮೊದಲ ಕರಡು ಮಾತ್ರ, ಬ್ರಿಟಿಷ್ ಲೈಬ್ರರಿಯಲ್ಲಿದೆ. 1816ರ ಜುಲೈಯಲ್ಲಿ ಬರೆದ ಆ ಕರಡಿನಲ್ಲಿ ಭಾವನ ಮಾತಿಗೆ ಕಟ್ಟುಬಿದ್ದ ವೆಂಟ್‌ವರ್ತ್ ಆ್ಯನ್ ಬಳಿ ಹೋಗಿ, ನೀವು ದಾಯಾದಿ ಎಲಿಯಟ್‌ನನ್ನು ಮದುವೆಯಾಗುವಿರಂತೆ, ಹಾಗಿದ್ದರೆ ಮನೆ ಖಾಲಿ ಮಾಡಿಕೊಡುತ್ತೇವೆ ಎನ್ನಬೇಕಾಗುತ್ತದೆ. ಅವಳು ಇಲ್ಲವೆನ್ನುತ್ತಾಳೆ, ಮುಗಿಯಿತು. ಒಂದು ತಪ್ಪು ತಿಳಿವಳಿಕೆ, ಅದರ ಪರಿಹಾರ. ಬೇರೆ ಯಾರಾದರೂ ಅಷ್ಟಕ್ಕೇ ಬಿಡುತ್ತಿದ್ದರು. ಅವಳು ಅದನ್ನು ಕಿತ್ತುಹಾಕಿ ಆಗಸ್ಟಿನೊಳಗೆ ಬೇರೆಯದನ್ನೇ ಬರೆದಳು.

ಹೊಸತರಲ್ಲಿ ಬಾತ್ ಊರಿನ ಛತ್ರವೊಂದರ ಕೋಣೆ. ಹಾರ್ವಿಲ್ ಕೈಯಲ್ಲೊಂದು ಪುಟ್ಟ ಚಿತ್ರವಿದೆ, ಬೆನ್ವಿಕ್‌ನದು. ದೂರದ ಕೇಪ್‌ನಲ್ಲಿದ್ದಾಗ ಫ್ಯಾನಿಗೆ ಕೊಟ್ಟ ಮಾತಿನಂತೆ ಬರೆಸಿದ್ದು. ಅದಕ್ಕೆ ಈಗ ಕಟ್ಟು ಹಾಕಿಸಿ ಲೂಯಿಸಾಗೆ ಕೊಡಬೇಕಾಗಿದೆ. ತಂಗಿಯಾಗಿದ್ದರೆ ಇಷ್ಟು ಬೇಗ ಮರೆಯುತ್ತಿರಲಿಲ್ಲ ಎಂದು ಹಾರ್ವಿಲ್‌ನ ಗಂಟಲು ಕಟ್ಟುತ್ತದೆ. ಗಂಡಸು ಹೆಚ್ಚು ದಿನ ಪ್ರೀತಿಸುತ್ತಾನೋ ಹೆಂಗಸೋ ಎಂದು ಇಬ್ಬರೂ ಮೆಲ್ಲಗೆ ವಾದಿಸುತ್ತಾರೆ. ಆಸೆಯೆಲ್ಲ ಹೋದ ಮೇಲೂ ಪ್ರೀತಿಸುತ್ತ ಉಳಿಯುವುದೊಂದೇ ಹೆಂಗಸರ ಪಾಲಿಗೆ ಬಂದ ಹೆಗ್ಗಳಿಕೆ, ಯಾರೂ ಅಸೂಯೆಪಡಬೇಕಾದ್ದೇನಲ್ಲ ಎಂಬ ಅರ್ಥದ ಮಾತು ಆ್ಯನ್‌ಳದು. ಪಕ್ಕದ ಮೇಜಿನಲ್ಲಿ ವೆಂಟ್‌ವರ್ತ್ ಬೆನ್ನು ಮಾಡಿ ಬರೆಯುತ್ತಿದ್ದಾನೆ. ಅವನ ಲೇಖನಿ ಕೆಳಗೆ ಬೀಳುತ್ತದೆ. ಇಷ್ಟು ದಿನ ಕದ್ದು ಕೇಳಿಸಿಕೊಂಡವಳು ಆ್ಯನ್. ಈ ಸಲ ಅವನು. ಮೇಲಿರುವುದು ಹಾರ್ವಿಲ್‌ಗಾಗಿ ಆ ಚಿತ್ರದ ಕೆಲಸದ ಬಗ್ಗೆ ಬರೆಯುತ್ತಿದ್ದ ಕಾಗದ. ಅದರ ಮರೆಯಲ್ಲೇ ಎಂಟೂವರೆ ವರ್ಷದ ಮೇಲೆ ಆ್ಯನ್‌ಗೆ ಬರೆದ ಇನ್ನೊಂದು. ಫ್ಯಾನಿಯ ಚಿತ್ರ ಲೂಯಿಸಾಳ ಪಾಲಾಗಲು ಹೊರಟಿದೆ, ಅವಳ ಅಣ್ಣ ಕಿಟಕಿಯ ಬಳಿ ನಿಂತಿದ್ದಾನೆ.