ವೇಷ ಯಾವುದು, ಉಡುಪು ಯಾವುದು?

ಅಮೆರಿಕದ ಡಿಸ್ನಿ ಪಾರ್ಕುಗಳಿಗೆ 14 ವರ್ಷ ತುಂಬಿದವರು ವೇಷ ಹಾಕಿಕೊಂಡು ಹೋಗುವಂತಿಲ್ಲ. ಈ ನಿಯಮ ಬಂದದ್ದು 2015ರ ಡಿಸೆಂಬರ್ 17ರಂದು. ಅದೇ ದಿನ ಗೇಟಿನಲ್ಲಿ ಮೆಟಲ್ ಡಿಟೆಕ್ಟರ್ ಬಂತು, ಆಟಿಕೆ ಬಂದೂಕಿನ ಮಾರಾಟ ನಿಂತಿತು, ಹೊರಗಿನಿಂದ ತರುವುದಕ್ಕೂ ತಡೆ ಬಿತ್ತು, ಪೊಲೀಸು ನಾಯಿಗಳ ಓಡಾಟ ಹೆಚ್ಚಿತು. ಒರ್ಲಾಂಡೋದ ಯೂನಿವರ್ಸಲ್, ಸೀವರ್ಲ್ಡ್ ಪಾರ್ಕುಗಳೂ ಆ ದಿನವೇ ತಪಾಸಣೆ ಬಿಗಿ ಮಾಡಿದವು. ಪ್ಯಾರಿಸ್ ದಾಳಿಯಾಗಿ ತಿಂಗಳು ಕಳೆದಿತ್ತಷ್ಟೆ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಗಂಡ ಹೆಂಡತಿ ಸೇರಿ 14 ಜನರನ್ನು ಗುಂಡಿಟ್ಟು ಕೊಂದು ಎರಡೇ ವಾರ ಆಗಿತ್ತು.

ಮಿಕ್ಕಿ ಮೌಸಿನ ಊರಿನ ಕತೆ ಮಂಜೇಶ್ವರ, ಉಪ್ಪಳ, ಕುಂಬಳೆಯ ಬ್ಯಾರಿಗಳಿಗೆ ಯಾಕೆ ಎಂದು ಕೇಳಬಹುದು. ನಮ್ಮ ಮನೆಗಳಲ್ಲಿ ಪೆರ್ನಾಲಿನ ಮಾರನೇ ದಿನ ಮಕ್ಕಳನ್ನು ವಾಟರ್ ಪಾರ್ಕಿಗೆ ಕರಕೊಂಡು ಹೋಗುವುದು ಈಗ ಪತ್ತಿರ್ ಮಾಡಿದಷ್ಟೇ ಮಾಮೂಲಿ. ಗಲ್ಫಿನಲ್ಲಿರುವವರಂತೂ ವಾರದ ರಜೆ ಸಿಕ್ಕರೆ ಅಲ್ಲಿಯೇ ಇರುತ್ತಾರೆ. ಗೇಟಿನಲ್ಲಿ ಬಟ್ಟೆ ನೋಡಿ ತಡೆಯುವ ಪ್ರಶ್ನೆ ಎಲ್ಲಿ ಎದ್ದರೂ ಒಂದಲ್ಲ ಒಂದು ದಿನ ನಮ್ಮ ಬಾಗಿಲಿಗೆ ಬರುತ್ತದೆ.

ಡಿಸ್ನಿಯ ನಿಯಮಕ್ಕೆ ಜನ ಹೇಗೆ ಪ್ರತಿಕ್ರಿಯಿಸಿದರು ಎಂಬುದರಲ್ಲಿ ನನಗೆ ಹೆಚ್ಚು ಆಸಕ್ತಿ. ಒಂದು ಗುಂಪು, ಇಷ್ಟು ದಿನ ಏನು ಮಾಡುತ್ತಿದ್ದಿರಿ, ಮೊದಲೇ ಮಾಡಬೇಕಿತ್ತು ಎಂದಿತು. ಇನ್ನೊಂದು ಗುಂಪು ಉದ್ದದ ಸಾಲಿಗೆ ಬೈದಿತು. ಮತ್ತೆ ಕೆಲವರು ಇದೆಲ್ಲ ಬರೀ ತೋರಿಕೆ, ಕೆಟ್ಟದ್ದು ಮಾಡಬೇಕೆಂದವನು ಗೇಟಿನ ಹೊರಗಿನ ಸಾಲಿನಲ್ಲೇ ಮಾಡಬಹುದಲ್ಲ ಎಂದರು. ಆದರೆ ಎಲ್ಲರಿಗಿಂತ ಜಾಸ್ತಿ ನೊಂದವರು ವೇಷಪ್ರಿಯರು. ಹೊಸ ಸ್ಟಾರ್ ವಾರ್ಸ್ ಸಿನಿಮಾ ಅಮೆರಿಕದಲ್ಲಿ ತೆರೆ ಕಂಡದ್ದು ನಿಯಮ ಬಂದ ಮರುದಿನ. ಜೆಡಿ ನಿಲುವಂಗಿ ಹೊಲಿಸಿಕೊಂಡು ಕಾದಿದ್ದ ದೊಡ್ಡ ದೊಡ್ಡ ಗಂಡಸರಿಗೆ ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದಾಯಿತು. ಮುಂದೆ 2019ರಲ್ಲಿ ಡಿಸ್ನಿಲ್ಯಾಂಡಿನೊಳಗೆ ಸ್ಟಾರ್ ವಾರ್ಸಿನದ್ದೇ ಒಂದು ಊರು ಕಟ್ಟಿದರು. ಅಲ್ಲಿನ ಅಂಗಡಿಯಲ್ಲಿ ನಿಲುವಂಗಿ ಮಾರಾಟಕ್ಕಿದೆ, ಆದರೆ ಕೊಂಡ ದೊಡ್ಡವರು ಅದನ್ನು ಅಲ್ಲೇ ತೊಡುವಂತಿರಲಿಲ್ಲ. ಹ್ಯಾಲೋವೀನ್ ಕಾಲದಲ್ಲಿ ಬೇರೆ ಟಿಕೆಟ್ ತೆಗೆದುಕೊಂಡು ರಾತ್ರಿಯ ಪಾರ್ಟಿಗೆ ಹೋದರೆ ದೊಡ್ಡವರಿಗೂ ವೇಷ ಹಾಕಬಹುದು. ಕಾಸು ಕೊಟ್ಟರೆ ಅಪಾಯ ಸ್ವಲ್ಪ ಕಡಿಮೆಯಾಗುತ್ತದೋ ಏನೋ!

ಅವರನ್ನು ನೋಡಿ ನಗುವುದು ಸುಲಭ. ನಾನು ನಗುವುದಿಲ್ಲ. ನಿನ್ನೆಯವರೆಗೆ ಪ್ರೀತಿಯಿಂದ ತೊಟ್ಟದ್ದನ್ನು ಇವತ್ತು ಕಾವಲುಗಾರ ಬೇರೆಯೇ ಕಣ್ಣಿನಿಂದ ನೋಡಿದಾಗ ಆಗುವ ಸಂಕಟ ನನಗೆ ಗೊತ್ತು. ವ್ಯತ್ಯಾಸ ಒಂದೇ. ಅವರು ನಿಲುವಂಗಿ ಕಳಚಿ ಕಾರಿನಲ್ಲಿಟ್ಟರೆ ಸಂಶಯವೂ ಕಾರಿನಲ್ಲೇ ಉಳಿಯುತ್ತದೆ.

ಮೆಟಲ್ ಡಿಟೆಕ್ಟರಿನ ವಿಷಯಕ್ಕೆ ಬರುತ್ತೇನೆ. ಆರಂಭದಲ್ಲಿ ಅದು ಎಲ್ಲರಿಗೂ ಇರಲಿಲ್ಲ. 'ರ‍್ಯಾಂಡಮ್' ಆಗಿ ಕೆಲವರನ್ನು ಆರಿಸಿ ಆ ಕಡೆ ಕಳಿಸುತ್ತೇವೆ ಎಂದಿದ್ದರು. ಈ ಪದ ಕೇಳಿದರೆ ನಮ್ಮವರ ಮುಖದಲ್ಲಿ ಒಂದು ಸಣ್ಣ ನಗು ಬರುತ್ತದೆ. ಪಾಸ್‌ಪೋರ್ಟಿನಲ್ಲಿ ಮೊಹಮ್ಮದ್ ಎಂದಿರುವವರಿಗೆ ಈ ಅದೃಷ್ಟ ಲಾಟರಿಗಿಂತ ಬೇಗ ಹೊಡೆಯುತ್ತದೆ ಎಂಬುದು ವಿಮಾನ ಹತ್ತಿದ ಪ್ರತಿ ಮನೆಯ ಹಳೇ ತಮಾಷೆ. ಡಿಸ್ನಿಯ ನಿಯಮಕ್ಕೆ ಎರಡೇ ದಿನ ಮೊದಲು, ಡಿಸೆಂಬರ್ 15ರಂದು, ಲಂಡನ್ನಿನ ವಾಲ್ಥಮ್‌ಸ್ಟೋದ ಒಂದು ಮುಸ್ಲಿಂ ಕುಟುಂಬ ಡಿಸ್ನಿಲ್ಯಾಂಡಿಗೆ ಹೊರಟು ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ನಿಂತಿತ್ತು. ಇಬ್ಬರು ಅಣ್ಣತಮ್ಮಂದಿರು, ಒಂಬತ್ತು ಮಕ್ಕಳು. ಪ್ರಯಾಣದ ಅನುಮತಿ ಮೊದಲೇ ಸಿಕ್ಕಿತ್ತು. ಹತ್ತುವ ಹೊತ್ತಿಗೆ ಅಮೆರಿಕದ ಅಧಿಕಾರಿಗಳ ಸೂಚನೆಯಂತೆ ಹನ್ನೊಂದೂ ಜನರನ್ನು ತಡೆದರು. ಕಾರಣ ಹೇಳಲಿಲ್ಲ. ಅವರ ಸಂಸದೆ ಸ್ಟೆಲ್ಲಾ ಕ್ರೀಸಿ ವಿಷಯವನ್ನು ಪ್ರಧಾನಿ ಡೇವಿಡ್ ಕ್ಯಾಮರೂನ್ ತನಕ ಒಯ್ದರು. ಆ ಮಕ್ಕಳ ಮೈಮೇಲೆ ಯಾವ ವೇಷವೂ ಇರಲಿಲ್ಲ.

ಹಾಗೆಂದು ಭದ್ರತೆಯೇ ಸುಳ್ಳು ಎನ್ನುವವರ ಜತೆ ನಾನಿಲ್ಲ. 2016ರ ಜೂನಿನಲ್ಲಿ ಒರ್ಲಾಂಡೋದ ನೈಟ್ ಕ್ಲಬ್ಬಿನಲ್ಲಿ 49 ಜನರನ್ನು ಕೊಂದವನು ಮೊದಲು ಕಣ್ಣಿಟ್ಟದ್ದು ಡಿಸ್ನಿಯ ಅಂಗಡಿ ಬೀದಿಯ ಮೇಲೆ ಎಂದು 2018ರಲ್ಲಿ ಸರ್ಕಾರಿ ವಕೀಲರು ಕೋರ್ಟಿನಲ್ಲಿ ಹೇಳಿದರು. ಮಕ್ಕಳು ಸೇರುವ ಜಾಗಕ್ಕೆ ಕಾವಲು ಬೇಕು. ಚೀಲ ಬಿಚ್ಚಿ ತೋರಿಸಿ ಎಂದರೆ ನಾನು ಬಿಚ್ಚಿ ತೋರಿಸುತ್ತೇನೆ, ನನ್ನ ಹಿಂದೆ ನಿಂತವಳ ಚೀಲವನ್ನೂ ಬಿಚ್ಚಿಸಿ ನೋಡಿದರೆ ಸಾಕು. ವೇಷದ ನಿಯಮಕ್ಕೂ ಒಂದು ಅರ್ಥ ಇದೆ. ಮುಖವಾಡದೊಳಗೆ ಯಾರಿದ್ದಾರೆ ಗೊತ್ತಾಗುವುದಿಲ್ಲ, ಉದ್ದ ಮೇಲಂಗಿಯೊಳಗೆ ಏನಿದೆ ಕಾಣುವುದಿಲ್ಲ, ಪುಟ್ಟ ಮಗು ಯಾರನ್ನೋ ಪಾರ್ಕಿನವರೇ ಎಂದುಕೊಂಡು ಕೈ ಹಿಡಿದು ಹೋಗಬಹುದು.

ಆ ನಿಯಮದಲ್ಲಿ ತಲೆವಸ್ತ್ರದ ಮಾತಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಎಲ್ಲಿ 'ಡ್ರೆಸ್' ಎಂಬ ಪದ ಕಂಡರೂ ನಮ್ಮ ಮೇಲೆಯೇ ಬಂತು ಎಂದು ಹೌಹಾರುವ ಅಭ್ಯಾಸ ನಮ್ಮಲ್ಲೂ ಬೆಳೆದಿದೆ. ಕನ್ನಡದಲ್ಲಿ ಇದಕ್ಕೆ ಎರಡು ಬೇರೆ ಬೇರೆ ಪದಗಳಿವೆ, ನಮ್ಮ ಪುಣ್ಯ. ವೇಷ ಎಂದರೆ ಚೌಕಿಯಲ್ಲಿ ಕಟ್ಟಿ, ಬೆಳಗಾದ ಮೇಲೆ ಚೌಕಿಯಲ್ಲೇ ಕಳಚುವುದು. ಯಕ್ಷಗಾನದ ಬಣ್ಣದ ವೇಷ, ನವರಾತ್ರಿಯ ಪಿಲಿವೇಷ ನೋಡಿ ಬೆಳೆದ ಕಾಸರಗೋಡಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಡುಪು ಎಂದರೆ ಹಾಗಲ್ಲ. ನಮ್ಮ ಅಜ್ಜಿಯಂದಿರು ತುಣಿ ಕುಪ್ಪಾಯ ಉಟ್ಟು ತಲೆಗೆ ವಸ್ತ್ರ ಹಾಕಿ ಗದ್ದೆಗೂ ಇಳಿದರು, ಮದುವೆ ಮನೆಗೂ ಹೋದರು. ಅದನ್ನು ಯಾರೂ ವೇಷ ಎನ್ನಲಿಲ್ಲ.

ಡಿಸ್ನಿಯ ಒಳಗಿನ ಭಾಷೆಯಲ್ಲಿ ಈ ಗೆರೆ ಅಳಿಸಿ ಹೋಗಿದೆ. ಅಲ್ಲಿ ಕೆಲಸಗಾರರನ್ನು ನಟವರ್ಗ ಎನ್ನುತ್ತಾರೆ, ಅವರ ಸಮವಸ್ತ್ರವನ್ನು ವೇಷಭೂಷಣ ಎನ್ನುತ್ತಾರೆ. ಟೇಬಲ್ ತೋರಿಸುವ ಹುಡುಗಿಯೂ ಪಾತ್ರಧಾರಿ. 2010ರ ರಂಜಾನಿನಲ್ಲಿ, ಕ್ಯಾಲಿಫೋರ್ನಿಯಾದ ಡಿಸ್ನಿ ಹೋಟೆಲೊಂದರ ರೆಸ್ಟೋರೆಂಟಿನಲ್ಲಿ ಎರಡು ವರ್ಷದಿಂದ ಇದ್ದ ಮೊರೊಕ್ಕೋ ಮೂಲದ ಹೆಣ್ಣುಮಗಳೊಬ್ಬಳು ಕೆಲಸದಲ್ಲೂ ಹಿಜಾಬ್ ಹಾಕುತ್ತೇನೆಂದಳು. ಅದು ಅಲ್ಲಿನ 'ನೋಟ'ಕ್ಕೆ ಹೊಂದುವುದಿಲ್ಲ, ಗಿರಾಕಿಗಳಿಗೆ ಕಾಣದ ಕಡೆ ಕೆಲಸ ಮಾಡು, ಇಲ್ಲವೇ ಮೇಲೊಂದು ಟೋಪಿ ಇಡು ಎಂದರು. ಅವಳು ಒಪ್ಪಲಿಲ್ಲ. 2012ರಲ್ಲಿ ಕೋರ್ಟಿಗೆ ಹೋದಳು. ಇನ್ನೊಬ್ಬ ಮುಸ್ಲಿಂ ಹುಡುಗಿ ಕಂಪನಿಯವರೇ ಮಾಡಿಕೊಟ್ಟ ತಲೆವಸ್ತ್ರ, ಟೋಪಿಗಳ ಜೋಡಿಯನ್ನು ಹಾಕಿಕೊಂಡು ಕೆಲಸ ಮುಂದುವರಿಸಿದಳು. ಇಬ್ಬರಲ್ಲಿ ಯಾರು ಸರಿ ಎಂದು ತೀರ್ಪು ಕೊಡಲು ನಾನು ಹೋಗುವುದಿಲ್ಲ. 'ಕಾಣದ ಕಡೆ' ಎಂಬ ಮಾತು ಮಾತ್ರ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ನಿಜವಾದ ಜಗಳ ಆದದ್ದು ನ್ಯೂಯಾರ್ಕ್ ಹತ್ತಿರದ ರೈ ಪ್ಲೇಲ್ಯಾಂಡಿನಲ್ಲಿ, 2011ರ ಆಗಸ್ಟ್ 30ರಂದು. ಅವತ್ತು ಪೆರ್ನಾಲ್. ಮುಸ್ಲಿಂ ಸಂಘಟನೆಯೊಂದು ಕರೆದುಕೊಂಡು ಬಂದ ಸುಮಾರು 3,000 ಜನ ಪಾರ್ಕಿನಲ್ಲಿದ್ದರು. ತಲೆಯ ಮೇಲೆ ಏನಿದ್ದರೂ ಕೆಲವು ರೈಡುಗಳಿಗೆ ಹತ್ತಿಸುವುದಿಲ್ಲ ಎಂದು ಸಿಬ್ಬಂದಿ ಹೇಳಿದರು. ಹೆಂಗಸರು ಪ್ರಶ್ನಿಸಿದರು, ಗಂಡಸರು ನಡುವೆ ಬಂದರು, ತಳ್ಳಾಟ ಆಯಿತು, ಅಕ್ಕಪಕ್ಕದ ಊರುಗಳಿಂದಲೂ ಪೊಲೀಸರು ಬಂದರು, 15 ಜನ ಬಂಧನವಾದರು. ಹಬ್ಬದ ಬಟ್ಟೆಯಲ್ಲಿದ್ದ ಮಕ್ಕಳು ಇದನ್ನೆಲ್ಲ ನೋಡುತ್ತ ನಿಂತಿದ್ದರು.

ಆ ಪಾರ್ಕಿನ ಹಿನ್ನೆಲೆ ಗೊತ್ತಿಲ್ಲದೆ ಮಾತಾಡಿದರೆ ಅನ್ಯಾಯವಾಗುತ್ತದೆ. 2004, 2005 ಮತ್ತು 2007ರಲ್ಲಿ ಅಲ್ಲಿನ ರೈಡುಗಳಲ್ಲಿ ಮೂವರು ಸತ್ತಿದ್ದರು, ಅದರಲ್ಲಿ ಇಬ್ಬರು ಏಳು ವರ್ಷದ ಮಕ್ಕಳು. ಆ ಸಾವುಗಳಿಗೂ ಬಟ್ಟೆಗೂ ಸಂಬಂಧ ಇಲ್ಲ, ಆದರೆ ಅಷ್ಟಾದ ಮೇಲೆ ಯಾವ ಪಾರ್ಕಾದರೂ ಹೆದರಿ ನಿಯಮ ಬಿಗಿ ಮಾಡುತ್ತದೆ. ಟೋಪಿಗೂ ಅದೇ ನಿಯಮ ಇತ್ತು. ಸಂಘಟಕರಿಗೆ ಮೊದಲೇ ತಿಳಿಸಿದ್ದೆವು ಎಂದು ಪಾರ್ಕಿನವರು ಹೇಳಿದರು. ಟಿಕೆಟ್ ತೆಗೆದ ಹೆಂಗಸರಿಗೆ ಅದು ತಲುಪಿರಲಿಲ್ಲ. ರೈಡಿನ ಬಾಯಿಯಲ್ಲಿ, ಮಗಳ ಕೈ ಹಿಡಿದು ಅರ್ಧ ಗಂಟೆ ಸಾಲು ನಿಂತ ಮೇಲೆ ತಲೆವಸ್ತ್ರ ತೆಗಿ ಎಂದರೆ, ಅದರ ಹಿಂದೆ ಎಷ್ಟೇ ಒಳ್ಳೆಯ ಎಂಜಿನಿಯರಿಂಗ್ ಇದ್ದರೂ ಅದು ಅವಮಾನವಾಗಿಯೇ ಕೇಳಿಸುತ್ತದೆ. ನನ್ನ ಪ್ರಕಾರ ಅವತ್ತಿನ ದೊಡ್ಡ ತಪ್ಪು ಸಂಘಟಕರದ್ದು. ಬಸ್ಸು, ಬಿರಿಯಾಣಿ, ಬ್ಯಾನರ್ ಎಲ್ಲಕ್ಕೂ ನಮ್ಮ ಗಂಡಸರು ಸಮಿತಿ ಮಾಡುತ್ತಾರೆ. ಹೆಂಗಸರು ಅಲ್ಲಿ ಏನು ಹಾಕಬಹುದು ಎಂದು ಒಂದು ಫೋನ್ ಮಾಡಿ ಕೇಳುವವರು ಯಾರೂ ಇಲ್ಲ.

ತಿರುಗುವ ಯಂತ್ರಕ್ಕೆ ಧರ್ಮ ತಿಳಿಯುವುದಿಲ್ಲ. 2010ರ ಏಪ್ರಿಲಿನಲ್ಲಿ ಆಸ್ಟ್ರೇಲಿಯಾದ ಪೋರ್ಟ್ ಸ್ಟೀಫನ್ಸಿನಲ್ಲಿ 26 ವರ್ಷದ ಮುಸ್ಲಿಂ ಹೆಣ್ಣುಮಗಳೊಬ್ಬಳು ಗೋ ಕಾರ್ಟ್ ಓಡಿಸುವಾಗ ಬಟ್ಟೆ ಚಕ್ರಕ್ಕೆ ಸುತ್ತಿ ಸತ್ತಳು. 2018ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಗೋ ಕಾರ್ಟಿಗೆ ಕೂದಲು ಸಿಕ್ಕಿ ಒಬ್ಬ ತಾಯಿ ಸತ್ತಳು. ದುಪಟ್ಟ, ಸೀರೆಯ ಸೆರಗು, ಜಡೆ, ಶಾಲು ಯಾವುದಾದರೂ ಒಂದೇ. ನೀರಿನ ಜಾರುಬಂಡಿಯಲ್ಲಿ ನಿಲುವಂಗಿ ಒದ್ದೆಯಾಗಿ ಕಾಲಿಗೆ ಸುತ್ತಿಕೊಂಡರೆ ಈಜು ಬರುವವರೂ ಮುಗ್ಗರಿಸುತ್ತಾರೆ. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಅದಕ್ಕೇ ನಮ್ಮ ಕಡೆಯ ವಾಟರ್ ಪಾರ್ಕುಗಳು ನೈಲಾನ್ ಹಾಕಿ ಬನ್ನಿ ಎನ್ನುತ್ತವೆ. ಗಲ್ಫಿನ ವಾಟರ್ ಪಾರ್ಕುಗಳಲ್ಲೂ ಸಡಿಲ ಅಬಾಯ ತೊಟ್ಟು ಜಾರುಬಂಡಿ ಏರಲು ಬಿಡುವುದಿಲ್ಲ. ಮೈ ಪೂರ್ತಿ ಮುಚ್ಚುವ ಬುರ್ಕಿನಿಯನ್ನು ಈಜುಡುಪು ಎಂದೇ ಒಪ್ಪುತ್ತಾರೆ. ಅಲ್ಲಿ ಅಳೆಯುವುದು ಬಟ್ಟೆಯ ಜಾತಿಯನ್ನು, ಉಟ್ಟವಳ ಜಾತಿಯನ್ನಲ್ಲ.

ಇಲ್ಲಿ ಹಾಗಾಗುತ್ತಿದೆಯೇ? ಕೆಲವು ವರ್ಷಗಳ ಹಿಂದೆ ನಮ್ಮ ಮನೆಯವರೆಲ್ಲ ಒಂದು ವಾಟರ್ ಪಾರ್ಕಿಗೆ ಹೋಗಿದ್ದೆವು. ಹೆಸರು ಬೇಡ. ನನ್ನ ನಾದಿನಿ ಶಾರ್ಜಾದಿಂದ ತಂದ ಬುರ್ಕಿನಿ ಹಾಕಿದ್ದಳು. ಪೂರ್ತಿ ನೈಲಾನ್, ಮೈಗೆ ಅಂಟಿದ ತಲೆಕವಚ, ಎಲ್ಲೂ ಒಂದು ದಾರ ನೇತಾಡುತ್ತಿರಲಿಲ್ಲ. ಕೊಳದ ಹತ್ತಿರ ನಿಂತ ಹುಡುಗ ದೂರದಿಂದಲೇ ಕೈ ಅಡ್ಡ ಮಾಡಿ, 'ಪರ್ದ ಪಟ್ಟೂಲ' ಎಂದ. ಇದು ಪರ್ದ ಅಲ್ಲ, ಈಜುವ ಡ್ರೆಸ್, ಮುಟ್ಟಿ ನೋಡು ಎಂದು ತೋಳು ಚಾಚಿದಳು. ಅವನು ನಾಚಿ ಹಿಂದೆ ಸರಿದ, ಆದರೆ ಬಿಡಲಿಲ್ಲ. ಅಷ್ಟರಲ್ಲಿ ಅವಳ ಪಕ್ಕದಿಂದಲೇ ಹತ್ತಿಯ ಟೀ ಶರ್ಟು, ಬರ್ಮುಡ ತೊಟ್ಟ ನಾಲ್ಕು ಹುಡುಗರು ನೀರಿಗೆ ಹಾರಿದರು. ಸೂಪರ್‌ವೈಸರ್ ಬಂದು, ಬೋರ್ಡ್ ಓದಿ, ತಲೆ ಕೆರೆದುಕೊಂಡು, ಹೋಗಿ ಎನ್ನುವಾಗ ಮುಕ್ಕಾಲು ಗಂಟೆ ಕಳೆದಿತ್ತು. ನಾದಿನಿ ನೀರಿಗೆ ಇಳಿಯಲಿಲ್ಲ. ಮೂಡ್ ಹೋಯಿತು ಎಂದು ಕ್ಯಾಂಟೀನಿನಲ್ಲಿ ಕುಳಿತಳು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೋ 'ಪರ್ದ ಬಿಡಬೇಡ' ಎಂದು ಒಂದೇ ಪದ ಹೇಳಿಕೊಟ್ಟಿದ್ದಾರೆ. ನೈಲಾನ್, ಹತ್ತಿ, ಸಡಿಲ, ಬಿಗಿ ಎಂದು ಹೇಳಿಕೊಟ್ಟಿದ್ದರೆ ಹತ್ತಿ ಹಾಕಿದ ಹುಡುಗರನ್ನು ತಡೆದು ನನ್ನ ನಾದಿನಿಯನ್ನು ಬಿಡುತ್ತಿದ್ದ. ನಿಯಮ ಬರೆಯುವವರು ಅಪಾಯವನ್ನು ಬರೆಯದೆ ಬಟ್ಟೆಯ ಹೆಸರು ಬರೆದರೆ ಗೇಟಿನಲ್ಲಿ ಹೀಗೆಯೇ ಆಗುವುದು. 2022ರಲ್ಲಿ ಉಡುಪಿಯಿಂದ ಶುರುವಾದ ತಲೆವಸ್ತ್ರದ ಗಲಾಟೆ ನಮ್ಮ ಗಡಿಯ ಆಚೆಗೆ ನಡೆದದ್ದಾದರೂ ಅಲ್ಲಿ ಓದುವ ನಮ್ಮ ಹೆಣ್ಣುಮಕ್ಕಳು ಎಷ್ಟೋ ಮಂದಿ. ಅದಾದ ಮೇಲೆ ಗೇಟು ಎಂದರೆ ಅವರ ನಡಿಗೆ ಒಂದು ಕ್ಷಣ ನಿಧಾನವಾಗುತ್ತದೆ. ಆಟದ ಜಾಗದಲ್ಲೂ ಹೀಗಾಗುವುದು ಬೇಡ.

ನಮ್ಮಲ್ಲೇ ಇನ್ನೊಂದು ಮಾತಿದೆ, ಅದನ್ನೂ ಹೇಳಿಬಿಡುತ್ತೇನೆ. ಇಷ್ಟೆಲ್ಲ ರಗಳೆ ಯಾಕೆ, ಹೆಂಗಸರು ಮನೆಯಲ್ಲೇ ಇರಲಿ ಎನ್ನುವ ಹಿರಿಯರಿದ್ದಾರೆ. ಗೇಟಿನ ಹುಡುಗನೂ ಇವರೂ ಬೇರೆ ಬೇರೆ ಕಾರಣಕ್ಕೆ ಒಂದೇ ಬಾಗಿಲು ಮುಚ್ಚುತ್ತಿದ್ದಾರೆ. ಮಕ್ಕಳನ್ನು ನೀರಿನಲ್ಲಿ ಬಿಟ್ಟು ದಡದಲ್ಲಿ ಚೀಲ, ಮೊಬೈಲು, ಒದ್ದೆ ಟವೆಲು ಕಾಯುತ್ತ ಕೂರುವ ಉಮ್ಮಂದಿರನ್ನು ಯಾವ ಪಾರ್ಕಿಗೆ ಹೋದರೂ ನೋಡಬಹುದು. ಅವರ ಟಿಕೆಟಿಗೂ ಪೂರ್ತಿ ದುಡ್ಡೇ ಕೊಟ್ಟಿರುತ್ತೇವೆ.

ಈ ಪೆರ್ನಾಲಿಗೆ ಬಸ್ ಬುಕ್ ಮಾಡುವ ಯುವಕರು ಪಾರ್ಕಿಗೆ ಮೊದಲೇ ಕರೆ ಮಾಡಿ ಕೇಳಿ: ತಲೆವಸ್ತ್ರವನ್ನು ಒಳಗೆ ಸಿಕ್ಕಿಸಿ ಪಿನ್ನಿಲ್ಲದೆ ಕಟ್ಟಿದರೆ ಯಾವ ಯಾವ ರೈಡಿಗೆ ಹತ್ತಬಹುದು, ಬುರ್ಕಿನಿಗೆ ನೀರಿನಲ್ಲಿ ಅನುಮತಿ ಇದೆಯೇ, ಇಲ್ಲದಿದ್ದರೆ ಕಾರಣ ಏನು, ತಪಾಸಣೆಗೆ ಹೆಂಗಸರು ಇದ್ದಾರೆಯೇ. ಉತ್ತರವನ್ನು ಬಾಯಿಮಾತಿನಲ್ಲಿ ಬಿಡದೆ ವಾಟ್ಸ್ಯಾಪಿನಲ್ಲಿ ಬರೆಸಿ ತರಿಸಿಕೊಳ್ಳಿ. ಬಸ್ಸಿನಲ್ಲಿ ಬರುವ ಪ್ರತಿ ಹೆಂಗಸಿಗೂ ಹಿಂದಿನ ದಿನವೇ ಕಳಿಸಿ. ಕೊಳದ ಹತ್ತಿರ ಯಾರಾದರೂ ಕೈ ಅಡ್ಡ ಮಾಡಿದರೆ ಮೊಬೈಲ್ ತೋರಿಸಿದರಾಯಿತು.